ಶೇಂಗಾ ಹೋಳಿಗೆಗೆ ಎಷ್ಟು ಹೆಸರು?

ಅಜ್ಜಿ ಶೇಂಗಾ ಹೋಳಿಗೆ ಮಾಡುವಾಗ ಮನೆತುಂಬ ಏಳುವ ಘಮ ನೆನಪಿದೆಯಲ್ಲ? ಹುರಿದ ಶೇಂಗಾ, ಬೆಲ್ಲ, ಯಾಲಕ್ಕಿ. ಅದನ್ನು ಮಾಡುವ ಬಗೆಯನ್ನು ನೀನು ಜಾಲತಾಣದ ಒಂದು ಪುಟದಲ್ಲಿ ಬರೆದಿಟ್ಟೆ ಅಂದುಕೋ. ಅತ್ತ ಬೆಂಗಳೂರಿನ ಹುಡುಗಿಯೊಬ್ಬಳು ಅದೇ ತಿನಿಸನ್ನು ಹುಡುಕುತ್ತಾ ಮೊಬೈಲಿನಲ್ಲಿ ‘ಕಡಲೆಬೀಜದ ಒಬ್ಬಟ್ಟು’ ಎಂದು ಬರೆಯುತ್ತಾಳೆ. ನಿನ್ನ ಪುಟದಲ್ಲಿ ಆ ಎರಡು ಪದಗಳಲ್ಲಿ ಒಂದೂ ಇಲ್ಲ!

ಇಲ್ಲಿ ಏನಾಗುತ್ತದೆ, ನೋಡೋಣ ಬಾ. ಅವಳು ಕೇಳಿದ ಮೇಲೆ ಗೂಗಲ್ ಲೋಕವೆಲ್ಲ ಓಡಾಡಿ ಹುಡುಕುವುದಿಲ್ಲ. ಮೊದಲೇ ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಿಡಿದು ಹೋಗಿ, ಓದಿ, ಗುರುತು ಹಾಕಿಕೊಂಡಿರುತ್ತದೆ.

ಆ ಗುರುತು ಹೇಗಿರುತ್ತದೆ? ಕಿರಾಣಿ ಅಂಗಡಿಯ ಸಾಲು ಡಬ್ಬಿಗಳನ್ನು ಕಣ್ಮುಂದೆ ತಂದುಕೋ. ಇಲ್ಲಿ ಒಂದೊಂದು ಪದಕ್ಕೂ ಒಂದೊಂದು ಡಬ್ಬಿ. ‘ಶೇಂಗಾ’ ಎಂಬ ಡಬ್ಬಿಯೊಳಗೆ ಆ ಪದವಿರುವ ಪುಟಗಳ ವಿಳಾಸದ ಚೀಟಿಗಳು. ‘ಹೋಳಿಗೆ’ ಡಬ್ಬಿಯಲ್ಲಿ ಬೇರೆ ಚೀಟಿಗಳು. ಯಾರಾದರೂ ‘ಶೇಂಗಾ ಹೋಳಿಗೆ’ ಅಂದರೆ ಯಂತ್ರ ಎರಡೂ ಡಬ್ಬಿ ತೆರೆದು, ಎರಡರಲ್ಲೂ ಇರುವ ಚೀಟಿಗಳನ್ನು ಆರಿಸುತ್ತದೆ. ಎಷ್ಟು ಸರಳ, ಎಷ್ಟು ಚೆಂದ!

ಈಗಿನ ಯಂತ್ರಗಳು ಹತ್ತಿರದ ಅರ್ಥವನ್ನೂ ಊಹಿಸುತ್ತವೆ, ನಿಜ. ಆದರೂ ನಾವೇ ಕೈಹಿಡಿದು ತೋರಿಸಿದರೆ ಒಳ್ಳೆಯದು. ‘ಬೆಂಗಳೂರಿನ ಕಡೆ ಇದನ್ನೇ ಕಡಲೆಬೀಜದ ಒಬ್ಬಟ್ಟು ಅಂತಾರೆ’ ಎಂದು ಪುಟದಲ್ಲಿ ಒಂದು ಸಾಲು ಸೇರಿಸು. ನಿನ್ನ ಚೀಟಿ ಇನ್ನೂ ಎರಡು ಡಬ್ಬಿಗಳಿಗೆ ಬಿತ್ತು! ಹುಡುಕುವವರ ಬಾಯಲ್ಲಿರುವ ಇಂಥ ಪದಗಳಿಗೇ ಕೀವರ್ಡ್ ಎನ್ನುವುದು. ನಮ್ಮ ಉಳ್ಳಾಗಡ್ಡಿ ಮೈಸೂರಿನಲ್ಲಿ ಈರುಳ್ಳಿ; ಅಲ್ಲಿಯೂ ಇದೇ ಕಥೆ.

ನಮ್ಮ ಊರಿನ ಹೆಸರನ್ನೇ ನೋಡು. ಇಂಗ್ಲಿಷಿನಲ್ಲಿ ಬಹುಕಾಲ ‘ಹುಬ್ಳಿ’ ಎಂದು ಬರೆಯುತ್ತಿದ್ದರು. 2014ರ ನವೆಂಬರ್ 1ರಿಂದ ಅದು ‘ಹುಬ್ಬಳ್ಳಿ’ ಆಯಿತು. ಹಳೆಯ ರೂಢಿ ಇನ್ನೂ ಅನೇಕರ ಬೆರಳಲ್ಲಿದೆ. ನಮ್ಮ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವವರು ಎರಡೂ ಹೆಸರನ್ನು ಒಮ್ಮೆಯಾದರೂ ಬರೆದರೆ ಎರಡೂ ಕಡೆಯವರಿಗೆ ದಾರಿ ಸಿಗುತ್ತದೆ.

ಬರೀ ‘ಹೋಳಿಗೆ’ ಎಂದು ಬರೆದರೆ ಸಾಲದು, ಆ ಡಬ್ಬಿ ತುಂಬಿ ತುಳುಕುತ್ತಿರುತ್ತದೆ. ‘ಶೇಂಗಾ ಹೋಳಿಗೆ ಮಾಡುವ ವಿಧಾನ’ ಎಂದು ಶೀರ್ಷಿಕೆಯಲ್ಲೇ ಹೇಳು. ಓಣಿ, ಮನೆ ನಂಬರು ಸಮೇತ ವಿಳಾಸ ಕೊಟ್ಟಂತೆ. ಆದರೆ ಅದೇ ಪದವನ್ನು ಸಾಲುಸಾಲಿಗೂ ತುರುಕಬೇಡ. ಪಲ್ಯಕ್ಕೆ ಉಪ್ಪು ಸುರಿದಂತಾಗುತ್ತದೆ. ಗೂಗಲ್ ಕೂಡ ಅಂಥ ಪುಟವನ್ನು ಹಿಂದಕ್ಕೆ ತಳ್ಳುತ್ತದೆ.

ಇವತ್ತು ಸಂಜೆ ಅಮ್ಮನ ಮೊಬೈಲು ಕೇಳಿ ತೆಗೆದುಕೊಂಡು, ‘ಶೇಂಗಾ’ ಎಂದಷ್ಟೇ ಬರೆದು ಬೆರಳು ನಿಲ್ಲಿಸು. ಕೆಳಗೆ ಒಂದಿಷ್ಟು ಸಾಲುಗಳು ಇಳಿಯುತ್ತವೆ. ಅವು ಬಹಳಷ್ಟು ಜನ ನಿಜವಾಗಿ ಹುಡುಕಿದ ಮಾತುಗಳಿಂದ ಹುಟ್ಟಿದವು. ಶೇಂಗಾ ಚಟ್ನಿಯೋ, ಉಂಡಿಯೋ, ಹೋಳಿಗೆಯೋ, ಮೊದಲ ಸಾಲಿನಲ್ಲಿ ಏನು ಬಂತು ಎಂದು ನನಗೂ ಹೇಳು.