ಮನೆಯ ಮೇಲಿನ ಸಾಲ: ಬಿಡುಗಡೆಯ ದಾರಿಗಳು

(ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿಯ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಅಡವಿಟ್ಟ ಮನೆಯನ್ನು ಬಿಡಿಸಿಕೊಳ್ಳುವುದು ಹೇಗೆ ಎಂಬುದು ನನಗೆ ನೀಡಲಾದ ವಿಷಯ. ಮದುವೆಯ ದುಂದುವೆಚ್ಚ, ವರದಕ್ಷಿಣೆ, ಮಕ್ಕಳ ಶಿಕ್ಷಣ ಇವುಗಳ ಕುರಿತು ನಮ್ಮ ವೇದಿಕೆಗಳಲ್ಲಿ ಸಾಕಷ್ಟು ಚರ್ಚೆಯಾಗಿದೆ. ಆದರೆ ನಮ್ಮ ಮನೆಯ ಖರೀದಿ ಪತ್ರ ಇಂದು ಯಾರ ಕಪಾಟಿನಲ್ಲಿದೆ ಎಂಬ ಪ್ರಶ್ನೆಯನ್ನು ನಾವು ಪರಸ್ಪರ ಕೇಳುವುದಿಲ್ಲ. ಬಡ್ಡಿ ನಿಷಿದ್ಧ ಎಂಬುದರಲ್ಲಿ ನಮಗಾರಿಗೂ ಸಂದೇಹವಿಲ್ಲ. ಅದೇ ಕಾರಣಕ್ಕೆ, ಬಡ್ಡಿಯ ಸಾಲದಲ್ಲಿ ಸಿಲುಕಿದವನು ಅದನ್ನು ಮಸೀದಿಯ ಜಮಾಅತ್‌ಗೂ ಹೇಳಲಾರ, ಒಡಹುಟ್ಟಿದವರಿಗೂ ಹೇಳಲಾರ. ಹರಾಜಿನ ನೋಟೀಸು ಬಾಗಿಲಿಗೆ ಅಂಟಿದ ದಿನ ಊರಿಗೆಲ್ಲ ಗೊತ್ತಾಗುತ್ತದೆ. ಅಷ್ಟರಲ್ಲಿ ಇದ್ದ ದಾರಿಗಳ ಪೈಕಿ ಹೆಚ್ಚಿನವು ಮುಚ್ಚಿಹೋಗಿರುತ್ತವೆ. ಇಂದು ನಾನು ಮುಖ್ಯವಾಗಿ ಹೇಳಬಯಸುವುದು ಇದನ್ನೇ: ಸಾಲದಿಂದ ಹೊರಬರುವ ದಾರಿಗಳು ಹಲವಿವೆ; ದಿನ ಕಳೆದಂತೆ ಅವು ಒಂದೊಂದಾಗಿ ಮುಚ್ಚುತ್ತವೆ.

ಇದು ದೂರದ ಸಂಗತಿಯಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಮತ್ತು ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕದ ತಗ್ಗಿನ ಓಣಿಗಳನ್ನು ಮುಳುಗಿಸಿದವು. ಗೋಡೆ ಬಿದ್ದಿತೆಂದು ಬ್ಯಾಂಕಿನ ಕಂತು ತಾನಾಗಿ ನಿಲ್ಲುವುದಿಲ್ಲ. 2025ರ ಜನವರಿಯಲ್ಲಿ ಮೂಡಲಗಿ ತಾಲ್ಲೂಕಿನಲ್ಲಿ ಸಾಲದ ಕಂತು ತುಂಬದ ಕುಟುಂಬವೊಂದನ್ನು ಹೊರಹಾಕಿ ಮನೆಗೆ ಬೀಗ ಜಡಿದ, ಬಾಣಂತಿ ಎಳೆಗೂಸಿನೊಂದಿಗೆ ಹೊರಗೆ ನಿಲ್ಲಬೇಕಾದ ಸುದ್ದಿಯನ್ನು ತಾವೆಲ್ಲರೂ ಪತ್ರಿಕೆಗಳಲ್ಲಿ ಓದಿದ್ದೀರಿ.

ಕಂತು ಸರಿಯಾಗಿ ನಡೆಯುತ್ತಿರುವಾಗ

ಮೊದಲು ಒಂದು ಲೆಕ್ಕ. ಹತ್ತು ಲಕ್ಷ ರೂಪಾಯಿಯನ್ನು ಶೇ. 9ರ ಬಡ್ಡಿಯಲ್ಲಿ 20 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 9,000 ರೂಪಾಯಿ. ಐದು ವರ್ಷಗಳಲ್ಲಿ ನೀವು ಸುಮಾರು 5 ಲಕ್ಷ 40 ಸಾವಿರ ತುಂಬಿರುತ್ತೀರಿ. ಆದರೆ ಅಸಲಿನಲ್ಲಿ ಕಡಿಮೆಯಾಗಿರುವುದು ಕೇವಲ 1 ಲಕ್ಷ 13 ಸಾವಿರ. ಉಳಿದುದೆಲ್ಲ ಬಡ್ಡಿಗೆ ಹೋಗಿದೆ. ಆ ಹಂತದಲ್ಲಿ ಒಂದು ಲಕ್ಷ ರೂಪಾಯಿಯನ್ನು ಒಮ್ಮೆಲೇ ಅಸಲಿಗೆ ತುಂಬಿ ಕಂತನ್ನು ಹಾಗೆಯೇ ಮುಂದುವರಿಸಿದರೆ, ಸಾಲ ಮೂರು ವರ್ಷ ಮೊದಲೇ ಮುಗಿಯುತ್ತದೆ. ಸುಮಾರು 2 ಲಕ್ಷ 30 ಸಾವಿರ ರೂಪಾಯಿ ಬಡ್ಡಿ ಉಳಿಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಲಾರಿ ಓಡಿಸುವವರು, ಗ್ಯಾರೇಜ್ ನಡೆಸುವವರು, ಹಣ್ಣು-ತರಕಾರಿಯ ವ್ಯಾಪಾರಸ್ಥರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ವರ್ಷವಿಡೀ ಒಂದೇ ಸಮನೆ ಆದಾಯವಿರುವುದಿಲ್ಲ. ಕೈತುಂಬ ಹಣ ಬಂದ ತಿಂಗಳಲ್ಲಿ ಅದರ ಒಂದು ಪಾಲನ್ನು ಅಸಲಿಗೆ ತುಂಬುವ ರೂಢಿ ಅವರಿಗೆ ಅತ್ಯಂತ ಪ್ರಯೋಜನಕಾರಿ. ತುಂಬುವಾಗ "ಇದನ್ನು ಅಸಲಿಗೆ ಜಮೆ ಮಾಡಿ, ಅವಧಿ ಕಡಿಮೆ ಮಾಡಿ" ಎಂದು ಲಿಖಿತವಾಗಿ ಕೊಡಬೇಕು.

ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮುನ್ನ ತೀರಿಸಿದರೆ ದಂಡ ವಿಧಿಸಕೂಡದೆಂದು ರಿಸರ್ವ್ ಬ್ಯಾಂಕ್ 2012ರಲ್ಲಿಯೇ ಬ್ಯಾಂಕುಗಳಿಗೆ ಆದೇಶಿಸಿದೆ. ಬಡ್ಡಿ ಏರಿದಾಗ ಬ್ಯಾಂಕುಗಳು ಗ್ರಾಹಕನಿಗೆ ತಿಳಿಸದೆ ಅವಧಿಯನ್ನು ಹಿಗ್ಗಿಸುತ್ತಿದ್ದವು. 2023ರ ಆಗಸ್ಟ್‌ನ ಆದೇಶದಂತೆ, ಕಂತು ಹೆಚ್ಚಿಸಬೇಕೇ ಅಥವಾ ಅವಧಿ ಹೆಚ್ಚಿಸಬೇಕೇ ಎಂದು ಅವು ನಿಮ್ಮನ್ನು ಕೇಳಬೇಕು. 2025ರಲ್ಲಿ ರೆಪೊ ದರ ಹಲವು ಬಾರಿ ಇಳಿದಿದೆ. ನಿಮ್ಮ ಸಾಲದ ದರವೂ ಇಳಿದಿದೆಯೇ? ಶಾಖೆಗೆ ಹೋಗಿ ಲಿಖಿತವಾಗಿ ಕೇಳಿರಿ. ಇಳಿದಿಲ್ಲವಾದರೆ ಕಡಿಮೆ ದರದ ಇನ್ನೊಂದು ಬ್ಯಾಂಕಿಗೆ ಸಾಲವನ್ನು ವರ್ಗಾಯಿಸಬಹುದು. ಅದಕ್ಕೆ ತಗಲುವ ಶುಲ್ಕ, ನೋಂದಣಿಯ ಖರ್ಚುಗಳನ್ನು ಕಳೆದು ಉಳಿಯುವುದೆಷ್ಟು ಎಂದು ಮೊದಲೇ ಲೆಕ್ಕ ಹಾಕಬೇಕು.

ಕಂತು ತಪ್ಪುವ ಸೂಚನೆ ಕಂಡಾಗ

ಸಾಮಾನ್ಯವಾಗಿ ನಾವು ಇಲ್ಲಿಯೇ ಎಡವುತ್ತೇವೆ. ಮನೆಯ ಕಂತು ತುಂಬಲು ಪತ್ನಿಯ ಹೆಸರಿನಲ್ಲಿ ಮೈಕ್ರೋ ಫೈನಾನ್ಸ್ ಸಾಲ, ಅದರ ಕಂತು ತುಂಬಲು ಮಹ್ರ್‌ನ ಬಂಗಾರ ಅಡವು, ಬಂಗಾರ ಬಿಡಿಸಲು ಕೈಗಡ. ಒಂದು ಸಾಲ ಹೀಗೆ ನಾಲ್ಕಾಗುತ್ತದೆ. ಕಂತು ಬಾಕಿಯಾಗಿ 90 ದಿನ ದಾಟಿದರೆ ಬ್ಯಾಂಕು ಅದನ್ನು ಅನುತ್ಪಾದಕ ಸಾಲವೆಂದು ವರ್ಗೀಕರಿಸುತ್ತದೆ. ಆ 90 ದಿನಗಳೊಳಗೆ, ಸಾಧ್ಯವಾದರೆ ಮೊದಲ ಕಂತು ತಪ್ಪುವ ಮುನ್ನವೇ, ಶಾಖಾ ವ್ಯವಸ್ಥಾಪಕರನ್ನು ಕಾಣಬೇಕು. ಕೆಲಸ ಹೋಗಿದೆ, ಕಾಯಿಲೆಯಾಗಿದೆ, ಅಂಗಡಿಗೆ ನೀರು ನುಗ್ಗಿದೆ ಎಂಬ ಕಾರಣವನ್ನು ದಾಖಲೆಯೊಂದಿಗೆ ಅರ್ಜಿಯಲ್ಲಿ ಬರೆದು, ಅವಧಿ ಹೆಚ್ಚಿಸಿ ಕಂತು ಇಳಿಸುವಂತೆ ಕೋರಬೇಕು. ಪ್ರಕೃತಿ ವಿಕೋಪಕ್ಕೆ ಈಡಾದ ಪ್ರದೇಶಗಳಲ್ಲಿ ಸಾಲಗಳನ್ನು ಮರುಹೊಂದಿಸಲು ರಿಸರ್ವ್ ಬ್ಯಾಂಕಿನ ನಿರ್ದೇಶನಗಳೂ ಇವೆ. ಅರ್ಜಿಯ ಪ್ರತಿಗೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬಾರದು.

ಆದಾಯ ಮತ್ತೆ ಮೊದಲಿನಂತಾಗುವ ಲಕ್ಷಣವಿಲ್ಲದಿದ್ದರೆ, ಮನೆಯನ್ನು ನಾವೇ ಮಾರುವುದು ಲೇಸು. ಇದನ್ನು ಕೇಳಲು ಕಷ್ಟವಾಗುತ್ತದೆ. ಆದರೆ ಹರಾಜಿನಲ್ಲಿ ಹೋಗುವ ಮನೆಗೆ ನ್ಯಾಯವಾದ ಬೆಲೆ ಬರುವುದು ವಿರಳ. ಬ್ಯಾಂಕಿಗೆ ತಿಳಿಸಿ, ಬಾಕಿಯ ಪತ್ರ ಪಡೆದು, ಕೊಳ್ಳುವವನಿಂದ ನೇರವಾಗಿ ಸಾಲದ ಖಾತೆಗೆ ಹಣ ತುಂಬಿಸಿ, ಉಳಿದದ್ದನ್ನು ಕೈಗೆ ಪಡೆಯಬಹುದು. ಆ ಹಣದಲ್ಲಿ ಚಿಕ್ಕದೊಂದು ಮನೆ ಕೊಂಡರೆ ಅಥವಾ ಬಾಡಿಗೆಗಿದ್ದರೆ ಅದರಲ್ಲಿ ಅವಮಾನವೇನಿದೆ?

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. 2008ರ ಸುಮಾರಿನಲ್ಲಿ ಅಮೆರಿಕದ ಗೃಹಸಾಲಗಳ ಬಿಕ್ಕಟ್ಟಿನ ಕಾಲದಲ್ಲಿ ಅನೇಕರು ಕೀಲಿಕೈಯನ್ನು ಬ್ಯಾಂಕಿಗೆ ಒಪ್ಪಿಸಿ ಹೊರನಡೆದರು. ಅಲ್ಲಿನ ಕೆಲವು ರಾಜ್ಯಗಳ ಕಾನೂನಿನಂತೆ ಅದರೊಂದಿಗೆ ಸಾಲವೂ ಮುಗಿಯುತ್ತಿತ್ತು. ನಮ್ಮ ದೇಶದಲ್ಲಿ ಹಾಗಿಲ್ಲ. ಹರಾಜಿನ ಹಣ ಸಾಲಕ್ಕೆ ಸಾಲದಿದ್ದರೆ ಕೊರತೆಯನ್ನು ನಿಮ್ಮಿಂದಲೂ ಜಾಮೀನುದಾರರಿಂದಲೂ ವಸೂಲು ಮಾಡಬಹುದು. ಹೆಚ್ಚು ಬಂದರೆ ಉಳಿದ ಹಣ ನಿಮಗೆ ಸೇರಬೇಕು.

ಸಾಲ ಅನುತ್ಪಾದಕವಾದ ಬಳಿಕ ಇರುವ ಇನ್ನೊಂದು ದಾರಿ ಏಕಗಂಟಿನ ತೀರುವಳಿ. ಒಂದಿಷ್ಟು ಮೊತ್ತಕ್ಕೆ ಒಪ್ಪಿ ಉಳಿದದ್ದನ್ನು ಬ್ಯಾಂಕು ಬಿಡುತ್ತದೆ. ತಾಲ್ಲೂಕು ನ್ಯಾಯಾಲಯಗಳಲ್ಲಿ ನಡೆಯುವ ಲೋಕ ಅದಾಲತ್‌ನಲ್ಲಿಯೂ ಇಂತಹ ರಾಜಿ ಸಾಧ್ಯ. ಮೊಕದ್ದಮೆ ಹೂಡುವ ಮುನ್ನವೇ ಅದನ್ನು ಅಲ್ಲಿಗೆ ಒಯ್ಯಬಹುದು. ಇದರಿಂದ ಮುಂದೆ ಸಾಲ ಸಿಗುವುದು ಕಠಿಣವಾದೀತು, ನಿಜ. ಮನೆ ಉಳಿಯುವುದಾದರೆ ಆ ನಷ್ಟವನ್ನು ಸಹಿಸಬಹುದು.

ನೋಟೀಸು ಬಂದ ಮೇಲೆ

2002ರ ಸರ್ಫೇಸಿ ಕಾಯ್ದೆಯು ಬ್ಯಾಂಕುಗಳಿಗೆ ಮೊಕದ್ದಮೆಯಿಲ್ಲದೆಯೇ ಮನೆ ಹರಾಜು ಹಾಕುವ ಅಧಿಕಾರ ನೀಡಿದೆ. ಆದರೆ ಅದರಲ್ಲಿ ಸಾಲಗಾರನಿಗೂ ಹಕ್ಕುಗಳಿವೆ. ಮೊದಲ ನೋಟೀಸಿನಲ್ಲಿ 60 ದಿನಗಳ ಕಾಲಾವಕಾಶವಿರಬೇಕು. ಆ ಅವಧಿಯಲ್ಲಿ ನೀವು ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನಗಳೊಳಗೆ ಕಾರಣಸಹಿತ ಉತ್ತರಿಸಬೇಕು. ಅನಂತರ ಸ್ವಾಧೀನದ ಕ್ರಮ ಕೈಗೊಂಡರೆ, 45 ದಿನಗಳೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. 2016ರ ತಿದ್ದುಪಡಿಯ ಬಳಿಕ, ಹರಾಜಿನ ಪ್ರಕಟಣೆ ಹೊರಡುವವರೆಗೆ ಮಾತ್ರ ಪೂರ್ಣ ಬಾಕಿ ತುಂಬಿ ಮನೆ ಬಿಡಿಸಿಕೊಳ್ಳುವ ಹಕ್ಕಿದೆ. ಹರಾಜಿನ ದಿನ ಹಣ ಹೊಂದಿಸಿದರಾಯಿತು ಎಂದು ಕೂತವರು ಮೋಸಹೋಗುತ್ತಾರೆ. ಬಾಕಿಯು ಒಂದು ಲಕ್ಷ ಮೀರದಿದ್ದರೆ ಅಥವಾ ಅಸಲು-ಬಡ್ಡಿಯ ಶೇ. 20ಕ್ಕಿಂತ ಕಡಿಮೆಯಿದ್ದರೆ ಈ ಕಾಯ್ದೆ ಅನ್ವಯಿಸುವುದೇ ಇಲ್ಲ.

ಸಹಕಾರಿ ಬ್ಯಾಂಕುಗಳೂ ಈ ಕಾಯ್ದೆಯನ್ನು ಬಳಸಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪಿತ್ತಿದೆ. ಬ್ಯಾಂಕಲ್ಲದ ಪತ್ತಿನ ಸಹಕಾರಿ ಸಂಘಗಳ ದಾರಿ ಬೇರೆ. ಅವು ಸಹಕಾರ ಕಾಯ್ದೆಯಡಿ ದಾವೆ ಹೂಡಿ ತೀರ್ಪು ಪಡೆಯಬೇಕು. ಆದ್ದರಿಂದ ಸಾಲ ಕೊಟ್ಟವರು ಬ್ಯಾಂಕೋ, ಫೈನಾನ್ಸ್ ಕಂಪೆನಿಯೋ, ಸಂಘವೋ ಎಂಬುದನ್ನು ನೋಟೀಸಿನಲ್ಲಿ ಮೊದಲು ನೋಡಿರಿ. ವಸೂಲಿಗಾರರು ಬೆಳಿಗ್ಗೆ 8ಕ್ಕೆ ಮುನ್ನ, ಸಂಜೆ 7ರ ಬಳಿಕ ಫೋನ್ ಮಾಡಕೂಡದೆಂಬ ನಿಯಮವಿದೆ. ಅದನ್ನು ಮೀರಿದರೆ ಮೊದಲು ಬ್ಯಾಂಕಿಗೆ, ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ನೀಡಬಹುದು. 2025ರಲ್ಲಿ ರಾಜ್ಯ ಸರಕಾರ ಕಿರುಸಾಲದ ಬಲವಂತದ ವಸೂಲಿಯ ವಿರುದ್ಧ ಕಾನೂನು ತಂದಿತು. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಗಳಿಗೆ ಅದು ಅನ್ವಯಿಸುವುದಿಲ್ಲ. ಅದನ್ನೇ ನಂಬಿ ಕಂತು ನಿಲ್ಲಿಸಬಾರದು.

ವ್ಯವಸ್ಥೆಯ ಇಬ್ಬಗೆಯನ್ನೂ ಹೇಳದಿರಲಾಗದು. ಐದು ಹಣಕಾಸು ವರ್ಷಗಳಲ್ಲಿ ಬ್ಯಾಂಕುಗಳು 10 ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿದ ಸಾಲವನ್ನು ಲೆಕ್ಕಪುಸ್ತಕದಿಂದ ತೆಗೆದುಹಾಕಿದವೆಂದು 2022ರ ಡಿಸೆಂಬರ್‌ನಲ್ಲಿ ಸರಕಾರವೇ ಸಂಸತ್ತಿಗೆ ತಿಳಿಸಿತು. ಅದು ಮನ್ನಾ ಅಲ್ಲ, ವಸೂಲಿ ಮುಂದುವರಿಯುತ್ತದೆ ಎಂದೂ ಹೇಳಿತು. ಆದರೆ ಬಡವನ ಬಾಗಿಲಿಗೆ ಬೀಗ ಬೀಳುವ ವೇಗ ದೊಡ್ಡ ಸಾಲಗಾರರ ವಿಷಯದಲ್ಲಿ ಕಾಣದೇಕೆ? ಈ ಪ್ರಶ್ನೆಯನ್ನು ನಮ್ಮ ಶಾಸಕರಿಗೂ ಸಂಸದರಿಗೂ ಕೇಳುವ ಹಕ್ಕು ನಮಗಿದೆ.

ಖಾಸಗಿ ಸಾಲ: ಖರೀದಿ ಪತ್ರದ ಬಲೆ

ಬ್ಯಾಂಕಿಗಿಂತ ಹೆಚ್ಚು ಅಪಾಯಕಾರಿಯಾದುದು ಖಾಸಗಿ ಸಾಲ. ಎರಡು ಲಕ್ಷ ಕೊಟ್ಟು, ಭದ್ರತೆಗೆಂದು ಮನೆಯ ಖರೀದಿ ಪತ್ರವನ್ನೇ ನೋಂದಾಯಿಸಿಕೊಂಡು, "ಹಣ ಕೊಟ್ಟ ದಿನ ತಿರುಗಿ ಬರೆದುಕೊಡುತ್ತೇನೆ" ಎಂದು ಬಾಯಿಮಾತು ಕೊಡುತ್ತಾರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ, ಮರಳಿ ಕೊಡುವ ಷರತ್ತು ಅದೇ ಪತ್ರದಲ್ಲಿ ಇಲ್ಲದಿದ್ದರೆ ಅದು ಅಡಮಾನ ಎನಿಸುವುದಿಲ್ಲ, ಮಾರಾಟವೇ ಆಗುತ್ತದೆ. ಸಾಲಕ್ಕಾಗಿ ಎಂದೂ ಖರೀದಿ ಪತ್ರಕ್ಕೆ ಸಹಿ ಹಾಕಬೇಡಿರಿ. ಪತ್ರವು ಅಡಮಾನದ್ದೇ ಆಗಿದ್ದರೆ ಬಿಡಿಸಿಕೊಳ್ಳುವ ಹಕ್ಕನ್ನು ಅದೇ ಕಾಯ್ದೆ ರಕ್ಷಿಸುತ್ತದೆ. ಸಾಲ ಕೊಟ್ಟವನು ಹಣ ಪಡೆಯಲು ನಿರಾಕರಿಸಿದರೆ ನ್ಯಾಯಾಲಯದಲ್ಲಿ ಠೇವಣಿ ಇಟ್ಟು ಮನೆ ಕೇಳಬಹುದು. ಸಾಲ ಕೊಟ್ಟವನು ಮನೆಯಲ್ಲಿದ್ದು ಅನುಭೋಗಿಸುವ ಭೋಗ್ಯದ ಅಡಮಾನದಲ್ಲಿ, ವರ್ಷಗಳು ಕಳೆದವೆಂಬ ಕಾರಣಕ್ಕೇ ಹಕ್ಕು ನಶಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟಪಡಿಸಿದೆ.

ಸಾಲ ತೀರಿದ ಬಳಿಕ ಮೂಲ ಪತ್ರಗಳನ್ನು 30 ದಿನಗಳೊಳಗೆ ಹಿಂದಿರುಗಿಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಈ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪತ್ರ ಕೈಸೇರಿದರಷ್ಟೇ ಸಾಲದು. ಅಡಮಾನ ನೋಂದಣಿಯಾಗಿದ್ದರೆ ಅದರ ವಿಮೋಚನೆಯನ್ನೂ ನೋಂದಾಯಿಸಿ, ಉತಾರದಲ್ಲಿರುವ ಬೋಜಾ ತೆಗೆಸಿ, ಹೊಸ ಋಣಭಾರ ಪ್ರಮಾಣಪತ್ರ ತೆಗೆದು ನೋಡಬೇಕು.

ಸಾಲ ಪಡೆದವರು ತೀರಿಕೊಂಡರೆ, ಸಾಲದೊಂದಿಗೆ ವಿಮೆ ಮಾಡಿಸಿದ್ದರೇ ಎಂದು ಮೊದಲು ವಿಚಾರಿಸಿರಿ. ಜಾಮೀನಿಗಾಗಲಿ ಸಹಸಾಲಗಾರರಾಗಿಯಾಗಲಿ ಸಹಿ ಮಾಡದ ವಾರಸುದಾರರ ಹೊಣೆ, ತಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಪಾಲು ಹಂಚುವ ಮುನ್ನ ಸಾಲ ತೀರಿಸಬೇಕೆಂಬುದು ಕುರ್‌ಆನಿನ ಆದೇಶ. ಆದರೆ ಸಾಲದ ನೆಪದಲ್ಲಿ ಹೆಣ್ಣುಮಕ್ಕಳ ಪಾಲನ್ನು ನುಂಗುವುದು ಅನ್ಯಾಯ.

ಸಮುದಾಯದ ಹೊಣೆ

ಸಾಲವಿದ್ದ ಒಬ್ಬರ ಮಯ್ಯಿತ್ ತಂದಾಗ ಪ್ರವಾದಿ(ಸ) ಸ್ವತಃ ಜನಾಝಾ ನಮಾಝ್ ನಿರ್ವಹಿಸಲು ಮುಂದಾಗದ ಘಟನೆಯನ್ನು ನಾವು ಪ್ರವಚನಗಳಲ್ಲಿ ಕೇಳಿದ್ದೇವೆ. ಸಾಲಗಾರರನ್ನು ಎಚ್ಚರಿಸಲು ಅದನ್ನು ಬಳಸುತ್ತೇವೆ. ಆದರೆ ಆ ಘಟನೆಯ ಉತ್ತರಾರ್ಧವೂ ಇದೆ: ಅಬೂ ಕತಾದ(ರ) ಎದ್ದುನಿಂತು ಆ ಸಾಲದ ಹೊಣೆಯನ್ನು ತಾವು ಹೊತ್ತರು, ಆಗ ನಮಾಝ್ ನೆರವೇರಿತು. ನಮ್ಮ ಜಮಾಅತ್‌ಗಳಲ್ಲಿ ಇಂದು ಅಬೂ ಕತಾದರ ಸ್ಥಾನದಲ್ಲಿ ಯಾರಿದ್ದಾರೆ? ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲದ ಭಾರಕ್ಕೆ ಸಿಲುಕಿದವರೂ ಸೇರಿದ್ದಾರೆ. ರಮಝಾನಿನಲ್ಲಿ ಸೀರೆ, ಕಿಟ್‌ಗಳಾಗಿ ಚದುರಿಹೋಗುವ ಝಕಾತ್‌ನ ಒಂದು ಪಾಲನ್ನು ಒಗ್ಗೂಡಿಸಿದರೆ, ವರ್ಷಕ್ಕೆ ಒಂದೆರಡು ಮನೆಗಳನ್ನಾದರೂ ಹರಾಜಿನಿಂದ ಉಳಿಸಬಹುದು. ಹುಕ್ಕೇರಿಯಲ್ಲಿ ಜನರು ಸೇರಿ ಕಟ್ಟಿದ ಸಹಕಾರ ಸಂಘವು 1969ರಿಂದ ಹಳ್ಳಿಹಳ್ಳಿಗೆ ವಿದ್ಯುತ್ ಹಂಚಿದೆ. ಆ ನೆಲದಲ್ಲಿ ಬಡ್ಡಿರಹಿತ ಸಾಲದ ನೋಂದಾಯಿತ ಸಂಘವೊಂದನ್ನು ಕಟ್ಟುವುದು ಅಸಾಧ್ಯವೇನಲ್ಲ.

ಆದರೆ ಲೆಕ್ಕ ಪಾರದರ್ಶಕವಾಗಿರಬೇಕು. 'ಹಲಾಲ್' ಲಾಭದ ಆಸೆ ತೋರಿಸಿ 2019ರ ಜೂನ್‌ನಲ್ಲಿ ಕುಸಿದ ಬೆಂಗಳೂರಿನ ಐಎಂಎ ಹಗರಣದಲ್ಲಿ ಸಾವಿರಾರು ಮುಸ್ಲಿಮ್ ಕುಟುಂಬಗಳು ಉಳಿತಾಯ ಕಳೆದುಕೊಂಡವು. ಬಡ್ಡಿಯಿಂದ ಓಡಿ ವಂಚನೆಯ ಬಾಯಿಗೆ ಬೀಳಬಾರದು.

ಪ್ರತಿಯೊಂದು ಜಮಾಅತ್ ಒಬ್ಬ ವಕೀಲರು ಮತ್ತು ಒಬ್ಬ ನಿವೃತ್ತ ಬ್ಯಾಂಕ್ ನೌಕರರನ್ನು ಗುರುತಿಸಿ, ತಿಂಗಳಿಗೊಮ್ಮೆ ಮಗ್ರಿಬ್ ಬಳಿಕ ಸಾಲದ ಕಾಗದ ನೋಡಿ ಸಲಹೆ ನೀಡುವ ಏರ್ಪಾಡು ಮಾಡಲಿ. ಕೇಳಲು ಬರುವವರ ಗುಟ್ಟನ್ನು ಕಾಪಾಡಲಿ. ಸಹೋದರಿಯರು ಇಂದು ಮನೆಗೆ ಹೋದೊಡನೆ ಎರಡು ಪ್ರಶ್ನೆ ಕೇಳಲಿ: ನಮ್ಮ ಮನೆಯ ಪತ್ರ ಎಲ್ಲಿದೆ? ಅಸಲು ಎಷ್ಟು ಉಳಿದಿದೆ?

ಸಾಲಗಾರನು ಸಂಕಷ್ಟದಲ್ಲಿದ್ದರೆ ಅವನಿಗೆ ಕಾಲಾವಕಾಶ ಕೊಡಬೇಕು, ಬಿಟ್ಟುಕೊಟ್ಟರೆ ಅದು ಇನ್ನೂ ಉತ್ತಮ ಎಂಬುದು ಕುರ್‌ಆನಿನ ಬೋಧನೆ. ನಮ್ಮೊಳಗೆ ಕೈಗಡ ಕೊಟ್ಟವರು ಅದನ್ನು ನೆನಪಿಡಲಿ. ಅಲ್ಲಾಹನು ಎಲ್ಲರನ್ನೂ ಋಣದ ಭಾರದಿಂದ ಬಿಡುಗಡೆಗೊಳಿಸಲಿ. ಆಮೀನ್.