ದೂರದ ಚುನಾವಣೆ, ನಮ್ಮ ನೋಟ



ಅಮೆರಿಕದ ಅಧ್ಯಕ್ಷರನ್ನು ಆರಿಸುವ ಹಕ್ಕು ನಮಗಿಲ್ಲ. ಆದರೂ 2024ರ ನವೆಂಬರಿನಲ್ಲಿ ಆ ಚುನಾವಣೆಯ ಮಾತು ನಮ್ಮ ತಾಳಮಲೆಯವರೆಗೂ ಬಂದಿತ್ತು.

ನಮ್ಮದೇ ರಾಜ್ಯದ ತಿರುವಾರೂರು ಜಿಲ್ಲೆಯ ತುಳಸೇಂದ್ರಪುರವು ಕಮಲಾ ಹ್ಯಾರಿಸರ ತಾಯಿಯ ತಂದೆ ಪಿ. ವಿ. ಗೋಪಾಲನ್ ಅವರ ಊರು. ಅಲ್ಲಿಯ ಧರ್ಮಶಾಸ್ತಾ ದೇಗುಲದಲ್ಲಿ ಆಕೆಯ ಜಯಕ್ಕಾಗಿ ಪೂಜೆ ನಡೆಯಿತು. ಅತ್ತ ಆಂಧ್ರದ ವಡ್ಲೂರಿನಲ್ಲಿಯೂ ದೇವರಿಗೆ ಮೊರೆ. ಆದರೆ ಎದುರು ಪಕ್ಷಕ್ಕಾಗಿ! ಡೊನಾಲ್ಡ್ ಟ್ರಂಪರ ಜೊತೆಯಲ್ಲಿ ಉಪಾಧ್ಯಕ್ಷ ಪದವಿಗೆ ನಿಂತಿದ್ದ ವ್ಯಾನ್ಸರ ಪತ್ನಿ ಉಷಾ ಅವರ ಪೂರ್ವಿಕರ ಊರದು. ದೇವರಾದರೂ ಏನು ಮಾಡಿಯಾನು? ಆ ದೇಶದ ರಾಜ್ಯಗಳು ಆರಿಸಿ ಕಳುಹಿಸುವ 538 ಪ್ರತಿನಿಧಿಗಳ ಮತಗಳಲ್ಲಿ ಟ್ರಂಪರಿಗೆ 312, ಹ್ಯಾರಿಸರಿಗೆ 226 ದೊರೆತವು.

ನಂಟನ್ನು ಅರಸುವುದು ಮನುಷ್ಯಸಹಜ. ಗಾಜನೂರಿನ ರಾಜ್‌ಕುಮಾರರು ನಮ್ಮವರೆಂದು ಹಿಗ್ಗುವ ನಾವು ಆ ಊರವರನ್ನು ನೋಡಿ ನಗಲಾರೆವು. ಆದರೆ ಅಭ್ಯರ್ಥಿಯು ಯಾರ ಮೊಮ್ಮಗಳೆಂದು ತಿಳಿದ ಬಳಿಕ, ಗೆದ್ದವರು ಏನು ಮಾಡಹೊರಟಿರುವರೆಂಬ ಪ್ರಶ್ನೆ ಉಳಿದೇ ಇರುತ್ತದೆ. ಹೊರನಾಡಿನ ಸರಕಿಗೆ ಸುಂಕ ಏರಿಸುವೆನೆಂದು ಟ್ರಂಪರು ಪ್ರಚಾರಕಾಲದಲ್ಲಿಯೇ ಸಾರಿದ್ದರು. 2025ರ ಆಗಸ್ಟಿನಲ್ಲಿ ಭಾರತದ ಹಲವು ಸರಕುಗಳ ಮೇಲೆ ಅದು ಶೇಕಡ 50ಕ್ಕೇರಿತು. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಅಮೆರಿಕದಿಂದ ಬರುತ್ತಿದ್ದ ಬೇಡಿಕೆ ಕುಗ್ಗಿತು.

ಮಕ್ಕಳೇ, ಬೆಟ್ಟವಿಳಿದು ತಿರುಪ್ಪೂರಿಗೆ ದುಡಿಯಹೋದ ಅಣ್ಣಂದಿರು, ಅಕ್ಕಂದಿರು ನಿಮ್ಮಲ್ಲಿ ಅನೇಕರಿಗೆ ಇದ್ದಾರೆ. ಹಬ್ಬಕ್ಕೆ ಅವರು ಮನೆಗೆ ಬಂದಾಗ, ಆ ತಿಂಗಳುಗಳಲ್ಲಿ ವಾರಕ್ಕೆ ಎಷ್ಟು ದಿನ ಕೆಲಸ ದೊರೆಯಿತೆಂದು ಕೇಳಿರಿ.