ಕೊನೆಯ ಮನೆಯ ನಲ್ಲಿ



ಬಿಡದಿ ಹೋಬಳಿಯ ಬೈರಮಂಗಲದಲ್ಲಿ ಕೆರೆ ಏರಿಯ ಮೇಲೆ ನಿಂತರೆ ವೃಷಭಾವತಿ ನದಿ ಹೊತ್ತು ತಂದ ನೊರೆ ಕಾಣುತ್ತದೆ. ಆ ನೀರಿನ ದಾರಿ ನೋಡಿ. ಶಿವ ಅಣೆಕಟ್ಟೆಯಲ್ಲಿ ತಿರುಗಿದ ಕಾವೇರಿ ಮೊದಲು ಕಾಲುವೆಯಲ್ಲಿ ನೆಟ್ಕಲ್‌ಗೆ, ಆಮೇಲೆ ಕೊಳವೆಯಲ್ಲಿ ತೊರೆಕಾಡನಹಳ್ಳಿಗೆ ತಾನಾಗಿ ಇಳಿಯುತ್ತಾಳೆ. ಅಲ್ಲಿ, ನಮ್ಮ ಹಾರೋಹಳ್ಳಿಯಲ್ಲಿ, ತಾತಗುಣಿಯಲ್ಲಿ ಎಂದು ಮೂರು ಹಂತದಲ್ಲಿ ಪಂಪುಗಳು ಸುಮಾರು 500 ಮೀಟರ್ ಎತ್ತಿ ಬೆಂಗಳೂರಿಗೆ ಮುಟ್ಟಿಸುತ್ತವೆ. ನಗರ ಬಳಸಿ ಬಿಟ್ಟ ನೀರಿನಲ್ಲಿ ಒಂದು ಪಾಲು ಪಂಪಿನ ಹಂಗಿಲ್ಲದೆ ಇಳಿದು ಬೈರಮಂಗಲದ ಕೆರೆ ಸೇರುತ್ತದೆ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೆರೆ ಹೀಗೆ ಕೆಟ್ಟ ಮೇಲೆ ಊರಿನ ಜೀವ ಪೈಪಿನಲ್ಲಿದೆ.

ಇಳಿಜಾರಿನ ನೀರನ್ನು ಹಿಡಿತದಲ್ಲಿಡುವುದು ನಮಗೆ ಹೊಸದೇನಲ್ಲ. ಕೆರೆಯ ತೂಬಿನ ಕಲ್ಲಿಗೆ ತೂತು, ತೂತಿಗೆ ಬಿರಡೆ. ಬಿರಡೆಯನ್ನು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಎಂಬುದು ನೀರುಗಂಟಿಯ ಕೆಲಸ. ಕಟ್ಟಕಡೆಯ ಗದ್ದೆ ಒಣಗಿದರೆ ಊರವರು ಅವನನ್ನೇ ಕೇಳುತ್ತಿದ್ದರು. ಆದರೆ ಕಾಲುವೆಯಲ್ಲಿ ನೀರು ಕಣ್ಣಿಗೆ ಕಾಣುತ್ತದೆ, ಪೈಪಿನಲ್ಲಿ ಕಾಣುವುದಿಲ್ಲ.

ಕಾಣದ ಆ ಒತ್ತಡವನ್ನು ಪಳಗಿಸಿದ ಜಾಣರು ವಿಜಯಪುರದಲ್ಲಿದ್ದರು. 16ನೇ ಶತಮಾನದಲ್ಲಿ ಒಂದನೇ ಅಲಿ ಆದಿಲ್ ಶಾಹನ ಕಾಲಕ್ಕೆ ತೊರವಿಯಿಂದ ಊರಿಗೆ ನೀರು ಬಂತು. 1651ರಲ್ಲಿ ಮುಹಮ್ಮದ್ ಆದಿಲ್ ಶಾಹ ಬೇಗಂ ತಲಾಬ್ ಎಂಬ ಕೆರೆ ಕಟ್ಟಿಸಿದ. ಸುಟ್ಟ ಮಣ್ಣಿನ ಕೊಳವೆಗಳನ್ನು ಗಾರೆಯಲ್ಲಿ ಹುದುಗಿಸಿ ನೀರು ಹರಿಸಿದರು. ದಾರಿಯುದ್ದಕ್ಕೂ ಗೋಪುರದಂಥ ಗಂಜ್‌ಗಳನ್ನು ನಿಲ್ಲಿಸಿದರು. ಕೊಳವೆಯ ನೀರು ಗಂಜ್‌ನೊಳಗೆ ಮೇಲೇರಿ ಗಾಳಿಗೆ ತೆರೆದುಕೊಳ್ಳುತ್ತದೆ. ಅಲ್ಲಿ ಒತ್ತಡ ಕಳೆಯುತ್ತದೆ, ಹೂಳು ತಳಕ್ಕೆ ಇಳಿಯುತ್ತದೆ, ನೀರು ಮುಂದಿನ ಕೊಳವೆಗೆ ಹೊಸದಾಗಿ ಹೊರಡುತ್ತದೆ. ಗಂಜ್ ಇಲ್ಲದಿದ್ದರೆ ತಗ್ಗಿನ ಮಣ್ಣುಕೊಳವೆ ಒಡೆಯುತ್ತಿತ್ತು. ಲೆಕ್ಕ ಸರಳ: ಪ್ರತಿ 10 ಮೀಟರ್ ಇಳಿತಕ್ಕೆ ಒಂದು ಚದರ ಸೆಂಟಿಮೀಟರ್ ಮೇಲೆ ಸುಮಾರು ಒಂದು ಕಿಲೋ ಭಾರ. ಇಂದೂ ಗುಡ್ಡದ ಊರುಗಳ ಪೈಪ್‌ಲೈನಿನಲ್ಲಿ ನಡುವೆ ತೆರೆದ ತೊಟ್ಟಿ ಕಟ್ಟುವುದು ಇದೇ ಉಪಾಯದಿಂದ.

ಒತ್ತಡ ಹೆಚ್ಚಾದಾಗ ಕೊಳವೆ ಒಡೆಯುವುದು ಒಂದು ಕಷ್ಟ, ನೀರು ಹರಿಯುತ್ತ ಹರಿಯುತ್ತ ಒತ್ತಡವೇ ಸವೆದು ಹೋಗುವುದು ಇನ್ನೊಂದು. ಆ ಸವೆತವನ್ನು ಪಟ್ಟು ಹಿಡಿದು ಅಳೆದವನು ಫ್ರಾನ್ಸಿನ ಆನ್ರಿ ದಾರ್ಸಿ. ತನ್ನ ದಿಜೋನ್ ಊರಿಗೆ 1840ರಲ್ಲಿ ಸುಮಾರು 12 ಕಿಲೋಮೀಟರ್ ದೂರದ ಬುಗ್ಗೆಯಿಂದ ಇಳಿಜಾರಿನಲ್ಲೇ ನೀರು ತಂದವನೂ ಅವನೇ. ಕೊಳವೆಯ ಒಳಮೈ ಒರಟಾದಷ್ಟೂ ಸವೆತ ಹೆಚ್ಚು ಎಂದು 1857ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದ. ಅವನ ಮತ್ತು ಜರ್ಮನಿಯ ವೈಸ್‌ಬಾಖ್‌ನ ಹೆಸರು ಹೊತ್ತ ಸೂತ್ರ ಹಿಡಿದು ನೋಡಿದರೆ, ಹರಿವು ಇಮ್ಮಡಿಯಾದಾಗ ಸವೆತ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಅಷ್ಟೇ ನೀರನ್ನು ಅರ್ಧ ಅಗಲದ ಪೈಪಿನಲ್ಲಿ ನೂಕಿದರೆ ಸುಮಾರು 32 ಪಟ್ಟು! ದುಡ್ಡು ಉಳಿಸಲು ಎರಡಿಂಚಿನ ಕಡೆ ಒಂದಿಂಚಿನ ಪೈಪ್ ಹಾಕುವವರು ಈ ಒಂದು ಅಂಕಿಯನ್ನಾದರೂ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

ಈಗ ಹಳ್ಳಿಯ ಓವರ್‌ಹೆಡ್ ಟ್ಯಾಂಕಿಗೆ ಬನ್ನಿ. ನಡುರಾತ್ರಿ ಎಲ್ಲ ನಲ್ಲಿಗಳೂ ಮುಚ್ಚಿರುವಾಗ ತಗ್ಗು ಬೀದಿಯ ಪೈಪಿನಲ್ಲಿ ಒತ್ತಡ ತುಂಬಿರುತ್ತದೆ. ಬೆಳಗ್ಗೆ ಎಲ್ಲರೂ ಒಮ್ಮೆಲೆ ತಿರುಗಿಸಿದರೆ ತಗ್ಗಿನವರ ಬಿಂದಿಗೆ ತುಂಬುತ್ತದೆ, ಏರಿನ ಕೊನೆಯ ಮನೆಗೆ ಗಾಳಿ ಬರುತ್ತದೆ. ಅದಕ್ಕೇ ತಗ್ಗು ಬೀದಿಯ ವಾಲ್ವನ್ನು ಕೊಂಚ ಬಿಗಿ ಮಾಡಿ, ಅಲ್ಲಿನ ಒತ್ತಡವನ್ನು ವಾಲ್ವಿನಲ್ಲೇ ಸವೆಸಿ, ಏರಿನವರಿಗೆ ನೀರು ಉಳಿಸಬೇಕು. ಪಂಚಾಯಿತಿಯಲ್ಲಿ ಆ ಕೆಲಸ ಮಾಡುವವರನ್ನು ನಾವು ಇಂದಿಗೂ ನೀರುಗಂಟಿ ಎಂದೇ ಕರೆಯುತ್ತೇವೆ. ಯಾವ ವಾಲ್ವ್ ಎಷ್ಟು ಸುತ್ತು ಎಂಬುದು ಅವರ ಕೈಗೆ ಗೊತ್ತು, ಕಾಗದದಲ್ಲಿ ಇರುವುದಿಲ್ಲ. ಅದನ್ನು ಬರೆಸಿಡಿ ಎಂದು ನಾನು ಕೈಮುಗಿದು ಕೇಳುತ್ತೇನೆ.

2019ರಲ್ಲಿ ಶುರುವಾದ ಜಲಜೀವನ್ ಯೋಜನೆ ತಲೆಗೆ ದಿನಕ್ಕೆ 55 ಲೀಟರ್ ಎನ್ನುತ್ತದೆ. ಹೊಸ ಲೈನ್ ಎಳೆದಾಗ ಅಷ್ಟು ನೀರು ಎಲ್ಲರಿಗೂ ಮುಟ್ಟುತ್ತದೆಯೇ ಎಂದು ಟ್ಯಾಂಕಿನ ಬುಡದಲ್ಲಿ ನಿಂತು ನೋಡಬೇಡಿ. ಬೆಳಗ್ಗೆ ಊರಿನ ಎಲ್ಲ ನಲ್ಲಿಗಳೂ ಬಿಟ್ಟಿರುವ ಹೊತ್ತಿಗೆ ಏರಿನ ಕೊನೆಯ ಮನೆಗೆ ಹೋಗಿ, ಗಡಿಯಾರ ಹಿಡಿದು, ಅಲ್ಲಿ ಒಂದು ಬಿಂದಿಗೆ ತುಂಬಲು ಎಷ್ಟು ಹೊತ್ತಾಯಿತು ಎಂದು ಎಣಿಸಿ.